ಹಗೆ ಆರಿದ ಮೇಲೂ ನಿಲ್ಲದ ಕಾಳಗ

ಶೆಲ್ ಬಿದ್ದು ಆದ ಗುಂಡಿಯೊಂದರಲ್ಲಿ ಪೌಲ್ ಬಾಯ್ಮರ್ ಸತ್ತವನಂತೆ ಬಿದ್ದುಕೊಂಡಿದ್ದಾನೆ. ಮೇಲೆ ಫ್ರೆಂಚರ ದಾಳಿ ನಡೆದಿದೆ. ಇದ್ದಕ್ಕಿದ್ದಂತೆ ಒಂದು ಮೈ ಧೊಪ್ಪನೆ ಅವನ ಮೇಲೆ ಉರುಳುತ್ತದೆ. ಯೋಚನೆಗೆ ಎಡೆಯೇ ಇಲ್ಲ, ಕೈಯಲ್ಲಿದ್ದ ಚೂರಿ ತಾನಾಗಿ ಇಳಿದುಬಿಡುತ್ತದೆ. ಬಿದ್ದವನು ಕೂಡಲೇ ಸಾಯುವುದಿಲ್ಲ. ರಾತ್ರಿ ಕಳೆದು ಬೆಳಕು ಹರಿದರೂ ಗೊರಗೊರ ಉಸಿರು ನಡೆದೇ ಇರುತ್ತದೆ. ಪೌಲ್ ಅವನಿಗೆ ನೀರು ಕುಡಿಸುತ್ತಾನೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ. ಮಧ್ಯಾಹ್ನ ಆತ ಸತ್ತ ಮೇಲೆ ಜೇಬಿನ ಪರ್ಸು ಬಿಚ್ಚಿ ನೋಡಿದರೆ ಹೆಂಡತಿಯ ಮತ್ತು ಪುಟ್ಟ ಮಗಳ ಫೋಟೋ, ಒಂದಷ್ಟು ಕಾಗದ. ಹೆಸರು ಜೆರಾರ್ ಡುವಾಲ್, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. ಪೌಲ್ ಆ ಹೆಣದೊಡನೆ ಮಾತಾಡುತ್ತಾನೆ, ಕ್ಷಮೆ ಕೇಳುತ್ತಾನೆ, ಮನೆಯವರಿಗೆ ನೆರವಾಗುತ್ತೇನೆಂದು ಮಾತು ಕೊಡುತ್ತಾನೆ. ಕತ್ತಲಾದ ಮೇಲೆ ತನ್ನ ಕಡೆಯ ಸಾಲಿಗೆ ತೆವಳಿಕೊಂಡು ಮರಳುತ್ತಾನೆ. ಆಮೇಲೆ ಮತ್ತೆ ಯುದ್ಧ ಮಾಡುತ್ತಾನೆ.

ಇದು ಎರಿಕ್ ಮರಿಯಾ ರೆಮಾರ್ಕ್ 1929ರಲ್ಲಿ ಪುಸ್ತಕವಾಗಿ ಹೊರತಂದ, ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಎಂಬ ಇಂಗ್ಲಿಷ್ ಹೆಸರಿನಿಂದ ನಮಗೆ ಪರಿಚಿತವಾದ ಜರ್ಮನ್ ಕಾದಂಬರಿ. ರೆಮಾರ್ಕ್‌ಗೆ ಸೈನ್ಯದ ಕರೆ ಬಂದಾಗ 18 ವರ್ಷ. 1917ರ ಬೇಸಿಗೆಯಲ್ಲಿ ರಣರಂಗಕ್ಕೆ ಹೋಗಿ, ಜುಲೈ ಕೊನೆಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ. ಅವನ ಪೌಲ್ ಕೂಡ ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗ, ಮೇಷ್ಟರ ದೇಶಭಕ್ತಿಯ ಭಾಷಣ ಕೇಳಿ ಇಡೀ ತರಗತಿಯ ಜೊತೆ ಸೈನ್ಯ ಸೇರಿದವನು. ಗುಂಡಿಯಲ್ಲಿ ಕೊಂದದ್ದೇಕೆ ಎಂಬುದಕ್ಕೆ ಉತ್ತರ ಸುಲಭ: ಭಯ. ಕಷ್ಟದ ಪ್ರಶ್ನೆ ಮರುದಿನದ್ದು. ಡುವಾಲ್‌ನ ಮಗಳ ಮುಖ ನೋಡಿದವನು, ಬೇಲಿಯಾಚೆಯ ರಷ್ಯನ್ ಕೈದಿಗಳಿಗೆ ತನ್ನ ಸಿಗರೇಟು ಮುರಿದು ಹಂಚಿದವನು, ಎದುರಿನವರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲದವನು ಬಂದೂಕು ಕೆಳಗಿಡುವುದಿಲ್ಲ ಏಕೆ?

ಕಾದಂಬರಿಕಾರ ಕಟ್ಟಿದ ಪಾತ್ರ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸಮಾಜವಿಜ್ಞಾನಿ ಸ್ಯಾಮ್ಯುಯೆಲ್ ಸ್ಟೌಫರ್ ನೇತೃತ್ವದ ತಂಡಕ್ಕೆ ತನ್ನ ಸೈನಿಕರನ್ನೇ ಸಮೀಕ್ಷೆ ಮಾಡಲು ಬಿಟ್ಟಿತ್ತು. ಪ್ರಶ್ನಾವಳಿ ತುಂಬಿದವರು ಲಕ್ಷಗಟ್ಟಲೆ. 1949ರಲ್ಲಿ ‘ದಿ ಅಮೆರಿಕನ್ ಸೋಲ್ಜರ್’ ಎಂಬ ಹೆಸರಿನಲ್ಲಿ ಅದರ ಫಲಿತಾಂಶ ಬಂತು. ಕಾದಾಟ ಕಂಡಿದ್ದ ಪದಾತಿ ಸೈನಿಕರಿಗೆ ಅಲ್ಲೊಂದು ಪ್ರಶ್ನೆ ಕೇಳಲಾಗಿತ್ತು: ಮುಂದೆ ಸಾಗಲು, ಕೈಲಾದಷ್ಟು ಚೆನ್ನಾಗಿ ಹೋರಾಡಲು ನಿಮ್ಮನ್ನು ದೂಡಿದ್ದು ಯಾವುದು? ನೂರಕ್ಕೆ 39 ಮಂದಿ ‘ಇದನ್ನು ಮುಗಿಸಿ ಮನೆಗೆ ಹೋಗಬೇಕಿತ್ತು’ ಎಂಬರ್ಥದ ಉತ್ತರ ಕೊಟ್ಟರು. 14 ಮಂದಿ ಜೊತೆಯವರನ್ನು ಕೈಬಿಡಲಾಗದು ಎಂದರು. ಮನೆಮಂದಿಯ ನೆನಪು ಎಂದವರು 10. ದೇಶ, ಆದರ್ಶ ಎಂದವರು 5. ಶತ್ರುವಿನ ಮೇಲಿನ ಸೇಡು ಎಂದವರು 2.

ಇದಕ್ಕಿಂತಲೂ ನನಗೆ ಕುತೂಹಲ ಹುಟ್ಟಿಸುವುದು ಅದೇ ಸಮೀಕ್ಷೆಯ ಇನ್ನೊಂದು ಭಾಗ. ಯುದ್ಧ ಮುಗಿದ ಮೇಲೆ ಜಪಾನೀಯರನ್ನು ಏನು ಮಾಡಬೇಕು ಎಂದು ಕೇಳಿದಾಗ, ಇಡೀ ಜನಾಂಗವನ್ನೇ ಅಳಿಸಿಹಾಕಬೇಕು ಎಂದವರ ಪ್ರಮಾಣ ಜಪಾನೀಯರ ಗುಂಡಿಗೆ ಎದೆಯೊಡ್ಡಿದ್ದ ಪೆಸಿಫಿಕ್ ರಂಗದ ಸೈನಿಕರಲ್ಲಿ ಕಡಿಮೆ ಇತ್ತು. ಯುರೋಪಿನಲ್ಲಿ ಬೇರೆ ಶತ್ರುವಿನೊಡನೆ ಕಾದುತ್ತಿದ್ದವರಲ್ಲಿ ಹೆಚ್ಚಿತ್ತು. ಇನ್ನೂ ಅಮೆರಿಕದ ತರಬೇತಿ ಶಿಬಿರದಲ್ಲೇ ಇದ್ದವರಲ್ಲಿ ಎಲ್ಲಕ್ಕಿಂತ ಹೆಚ್ಚಿತ್ತು. ರಣರಂಗದಿಂದ ದೂರ ಸರಿದಷ್ಟೂ ಹಗೆ ಏರುತ್ತದೆ. ಪೌಲ್ ರಜೆಯಲ್ಲಿ ಊರಿಗೆ ಹೋದಾಗ ಕಾಣುವುದೂ ಇದನ್ನೇ. ಬಿಯರ್ ಮೇಜಿನ ಸುತ್ತ ಕುಳಿತ ಹಿರಿಯರು ಯಾವ ಯಾವ ಪ್ರಾಂತ್ಯ ಕಿತ್ತುಕೊಳ್ಳಬೇಕು, ಎಲ್ಲಿ ಭೇದಿಸಿ ಪ್ಯಾರಿಸ್ ತಲುಪಬೇಕು ಎಂದು ಅವನಿಗೇ ಪಾಠ ಹೇಳುತ್ತಾರೆ. ಟಿ.ವಿ. ಚರ್ಚೆಗಳಲ್ಲಿ ಕುಳಿತು ಯುದ್ಧ ಗೆಲ್ಲಿಸಿಕೊಡುವವರನ್ನು ದಿನಾ ನೋಡುವ ನಮಗೆ ಇದೇನೂ ಹೊಸತಲ್ಲ.

ಹಗೆಯಿಂದಲೇ ಕಾಳಗ ಎಂಬ ನಂಬಿಕೆಯ ಬೇರು ಸಡಿಲಾಯಿತು. ಹಾಗಾದರೆ ಕಾಳಗ ಹುಟ್ಟುವುದು ಎಲ್ಲಿಂದ?

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ನಿರ್ ಹಲೇವಿ, ಗ್ಯಾರಿ ಬಾರ್ನ್‌ಸ್ಟೀನ್ ಮತ್ತು ಲಿಲಾಖ್ ಸಗೀವ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಪ್ರಶ್ನೆಯನ್ನು ಚೊಕ್ಕವಾಗಿ ಎರಡು ಸೀಳು ಮಾಡುತ್ತದೆ. ಮೂರು ಮೂರು ಜನರ ಎರಡು ಗುಂಪು. ಪ್ರತಿಯೊಬ್ಬರ ಕೈಯಲ್ಲೂ 10 ಬಿಲ್ಲೆ, ಒಂದೊಂದಕ್ಕೂ ಇಷ್ಟು ಹಣ. ಬಿಲ್ಲೆಯನ್ನು ತಾನೇ ಇಟ್ಟುಕೊಳ್ಳಬಹುದು. ಇಲ್ಲವೇ ಗುಂಪಿನ ಹುಂಡಿಗೆ ಹಾಕಬಹುದು. ಹಾಕಿದರೆ ಕೊಟ್ಟವನಿಗೆ ಸ್ವಲ್ಪ ನಷ್ಟ, ಗುಂಪಿಗೆ ಒಟ್ಟಾರೆ ಲಾಭ. ಆದರೆ ಹುಂಡಿ ಎರಡು. ಮೊದಲನೆಯದಕ್ಕೆ ಹಾಕಿದರೆ ತನ್ನವರಿಗೆ ಲಾಭ, ಅಷ್ಟೇ. ಎರಡನೆಯದಕ್ಕೆ ಹಾಕಿದರೆ ತನ್ನವರಿಗೆ ಅಷ್ಟೇ ಲಾಭ, ಜೊತೆಗೆ ಎದುರು ಗುಂಪಿನ ಪ್ರತಿಯೊಬ್ಬರಿಗೂ ನಷ್ಟ. ಕೊಡುವವನಿಗೆ ಎರಡರಲ್ಲೂ ತಗಲುವ ಖರ್ಚು ಒಂದೇ. ಎದುರಿನವರ ಮೇಲೆ ಹಗೆ ಇದ್ದರೆ ಎರಡನೇ ಹುಂಡಿ ತುಂಬಬೇಕು.

ತುಂಬಲಿಲ್ಲ. ಜನ ತಮ್ಮವರಿಗಾಗಿ ಧಾರಾಳವಾಗಿ ಕೊಟ್ಟರು, ಆದರೆ ಬಹುಪಾಲು ಮೊದಲನೇ ಹುಂಡಿಗೆ. ಆಮೇಲೆ ಸಂಶೋಧಕರು ಇನ್ನೊಂದು ಆಟದಲ್ಲಿ ಆ ಮೊದಲನೇ ಹುಂಡಿಯನ್ನೇ ತೆಗೆದುಬಿಟ್ಟರು. ಈಗ ತನ್ನವರಿಗೆ ನೆರವಾಗಬೇಕೆಂದರೆ ಎದುರಿನವರಿಗೆ ಪೆಟ್ಟು ಕೊಡದೆ ದಾರಿಯಿಲ್ಲ. ಆಗ ಜನ ಅದಕ್ಕೂ ಕೊಟ್ಟರು. ಹೊರಗೆ ನಿಂತು ನೋಡುವವನಿಗೆ ಈ ಎರಡನೇ ಆಟ ಥೇಟ್ ದ್ವೇಷದಂತೆಯೇ ಕಾಣುತ್ತದೆ. ಆಡಿದವರ ಮನಸ್ಸು ಮಾತ್ರ ಮೊದಲ ಆಟದಲ್ಲಿದ್ದಂತೆಯೇ ಇದೆ. ಬದಲಾದದ್ದು ಅವರ ಮುಂದಿದ್ದ ಆಯ್ಕೆಗಳು.

ವಿದ್ಯಾರ್ಥಿಗಳು ಚಿಲ್ಲರೆ ಹಣಕ್ಕೆ ಆಡಿದ ಆಟವನ್ನು ಕಂದಕದ ರಕ್ತಕ್ಕೆ ಹೋಲಿಸಬಹುದೇ ಎಂದು ಯಾರಾದರೂ ಕೇಳಿದರೆ ಆ ಸಂಶಯ ನ್ಯಾಯವಾದದ್ದೇ. ಪ್ರಯೋಗಾಲಯದಿಂದ ರಣರಂಗಕ್ಕೆ ನೇರ ಹಾರಲಾಗದು. ಆದರೂ ಪೌಲ್‌ನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡುವಾಲ್ ಬೀಳುವ ಮೊದಲು, ಅದೇ ರಾತ್ರಿ, ಗಸ್ತು ಹೋದ ಪೌಲ್‌ಗೆ ಎರಡೂ ಸಾಲುಗಳ ನಡುವೆ ಭಯ ಅಮರಿಕೊಂಡು ಕೈಕಾಲೇ ಆಡದಂತಾಗುತ್ತದೆ. ಆಗ ಬೆನ್ನ ಹಿಂದಿನ ಕಂದಕದಿಂದ ಪಿಸುದನಿ ಕೇಳುತ್ತದೆ: ಕಾಟ್ ಮತ್ತು ಉಳಿದ ಗೆಳೆಯರದ್ದು. ಅಷ್ಟಕ್ಕೇ ಅವನಿಗೆ ಜೀವ ಬಂದಂತಾಗುತ್ತದೆ. ತಾಯಿಯ ಅಕ್ಕರೆಗಿಂತಲೂ ಆ ದನಿಗಳೇ ಹೆಚ್ಚು ಎನಿಸುವಷ್ಟು. ಮುಂದಿರುವ ಫ್ರೆಂಚರು ಅವನ ಲೆಕ್ಕದಲ್ಲೇ ಇಲ್ಲ, ಇರುವವರು ಹಿಂದಿನ ನಾಲ್ಕೈದು ಜನ. ಅವರಿಗೆ ನೆರವಾಗುತ್ತಲೇ ಯಾರನ್ನೂ ನೋಯಿಸದಿರುವ ಮೊದಲನೇ ಹುಂಡಿ ಕಂದಕದಲ್ಲಿ ಇರುವುದಿಲ್ಲ. ಕಾವಲು ಬಿಟ್ಟರೆ ಕಾಟ್ ಸಾಯುತ್ತಾನೆ.

ನೂರಕ್ಕೆ 39 ಮಂದಿ ಅಮೆರಿಕನ್ನರು ಹೇಳಿದ ‘ಮುಗಿಸಿ ಮನೆಗೆ ಹೋಗಬೇಕು’ ಎಂಬ ಮಾತನ್ನೂ ಇದರೊಳಗೇ ಓದಬೇಕು. ಮನೆಗೆ ಹೋಗುವ ದಾರಿ ಎದುರು ಸಾಲಿನ ಮೂಲಕವೇ ಹಾದುಹೋಗುವಂತೆ ಯಾರೋ ಮಾಡಿಟ್ಟಿದ್ದರು.

‘ಯಾರೋ’ ಎಂದೆನಲ್ಲ, ಅದು ಸುಮ್ಮನೆ ಹೇಳಿದ್ದಲ್ಲ. ಮೊದಲ ಮಹಾಯುದ್ಧದ ಪಶ್ಚಿಮ ರಂಗದಲ್ಲಿ ಹಗೆಯಿಲ್ಲದ ಸೈನಿಕರು ತಾವಾಗಿ ಮೊದಲನೇ ಹುಂಡಿಯೊಂದನ್ನು ಕಟ್ಟಿಕೊಂಡಿದ್ದರು. 1914ರ ಕ್ರಿಸ್ಮಸ್ ದಿನ ಫ್ಲಾಂಡರ್ಸ್‌ನ ಕೆಲವೆಡೆ ಬ್ರಿಟಿಷರೂ ಜರ್ಮನರೂ ಕಂದಕ ಬಿಟ್ಟು ಹೊರಬಂದು ಕೈಕುಲುಕಿ ಸಿಗರೇಟು, ಗುಂಡಿ, ಟೋಪಿ ಬದಲಾಯಿಸಿಕೊಂಡು ಸತ್ತವರನ್ನು ಮಣ್ಣು ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅದು ಹಬ್ಬದ ಒಂದು ದಿನದ ಪವಾಡವಾಗಿರಲಿಲ್ಲ. ಸಮಾಜಶಾಸ್ತ್ರಜ್ಞ ಟೋನಿ ಆಶ್‌ವರ್ತ್ ಸೈನಿಕರ ಡೈರಿ, ಪತ್ರ, ತುಕಡಿಗಳ ಇತಿಹಾಸ ಜಾಲಾಡಿ 1980ರಲ್ಲಿ ಬರೆದ ಪುಸ್ತಕದ ಪ್ರಕಾರ ಅನೇಕ ಕಡೆ ‘ನೀನೂ ಬದುಕು, ನನ್ನನ್ನೂ ಬದುಕಗೊಡು’ ಎಂಬ ಮೂಕ ಒಪ್ಪಂದ ತಿಂಗಳುಗಟ್ಟಲೆ ನಡೆಯುತ್ತಿತ್ತು. ಊಟ ಹೊತ್ತು ತರುವವರ ಮೇಲೆ ಗುಂಡು ಹಾರಿಸುವಂತಿಲ್ಲ. ಫಿರಂಗಿ ದಿನವೂ ಅದೇ ಹೊತ್ತಿಗೆ, ಅದೇ ಜಾಗಕ್ಕೆ. ಆ ಹೊತ್ತಿಗೆ ಅಲ್ಲಿ ಯಾರೂ ಸುಳಿಯುತ್ತಿರಲಿಲ್ಲ. ಮೇಲಧಿಕಾರಿಗೆ ಸದ್ದು ಕೇಳಿಸಿತು, ಕೆಳಗೆ ಯಾರಿಗೂ ಪೆಟ್ಟಾಗಲಿಲ್ಲ. ಒಮ್ಮೆ ಎರಡೂ ಕಡೆಯವರು ಹೊರಗಿದ್ದಾಗ ಜರ್ಮನ್ ಫಿರಂಗಿ ಸಿಡಿಯಿತಂತೆ. ಆಗ ಜರ್ಮನ್ ಸೈನಿಕನೊಬ್ಬ ಕಂದಕದ ದಿಬ್ಬ ಹತ್ತಿ, ತಪ್ಪು ನಮ್ಮದಲ್ಲ, ಆ ಹಾಳು ಪ್ರಷ್ಯನ್ ಫಿರಂಗಿಯವರದು, ಬೇಸರ ಮಾಡಿಕೊಳ್ಳಬೇಡಿ ಎಂಬರ್ಥದಲ್ಲಿ ಕೂಗಿ ಹೇಳಿದ ಪ್ರಸಂಗವನ್ನು ಬ್ರಿಟಿಷ್ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1984ರಲ್ಲಿ ಇದನ್ನೇ ಸಹಕಾರದ ಗಣಿತಕ್ಕೆ ಉದಾಹರಣೆಯಾಗಿ ಬಳಸಿದ: ನಾಳೆಯೂ ನಾಡಿದ್ದೂ ಅದೇ ಎದುರಾಳಿಯ ಮುಖ ನೋಡಬೇಕಾಗಿರುವಾಗ, ಪ್ರೀತಿಯಿಲ್ಲದೆಯೂ ಹೊಂದಾಣಿಕೆ ಮೊಳೆಯುತ್ತದೆ.

ಸೇನಾಧಿಪತಿಗಳು ಇದನ್ನು ಮುರಿದ ಬಗೆ, ನನ್ನ ಮಟ್ಟಿಗೆ, ಈ ಇಡೀ ವಿಷಯದ ಮೇಲೆ ಅತಿ ಹೆಚ್ಚು ಬೆಳಕು ಚೆಲ್ಲುತ್ತದೆ. ದ್ವೇಷದ ಭಾಷಣ ಮಾಡಿಸಿದರು, ನಿಜ. ಕೆಲಸಕ್ಕೆ ಬಂದದ್ದು ಮಾತ್ರ ರೇಡ್. ಸಣ್ಣ ಗುಂಪೊಂದು ರಾತ್ರಿ ಎದುರಿನ ಕಂದಕಕ್ಕೆ ನುಗ್ಗಿ ಕೊಂದು, ಕೈದಿಗಳನ್ನು ಹಿಡಿದುಕೊಂಡು ಬರಬೇಕು. ಗುಂಡು ಹಾರಿಸಿದಂತೆ ನಟಿಸಬಹುದು, ಕೈದಿಯನ್ನು ತಂದಂತೆ ನಟಿಸಲಾಗದು. ರೇಡ್ ಗೆದ್ದರೆ ಕೈದಿಗಳೇ ಪುರಾವೆ, ಸೋತರೆ ತಮ್ಮ ಕಡೆಯ ಸಾವುನೋವೇ ಪುರಾವೆ. ಒಂದು ರೇಡ್ ನಡೆದರೆ ಎದುರಿನವರು ಮರುರಾತ್ರಿ ತೀರಿಸಿಕೊಳ್ಳುತ್ತಾರೆ, ಅಲ್ಲಿಗೆ ಮೂಕ ಒಪ್ಪಂದ ಮುಗಿಯಿತು. ತಿಂಗಳುಗಟ್ಟಲೆ ಯಾರ ಮನಸ್ಸಿನಲ್ಲೂ ಇಲ್ಲದಿದ್ದ ಸೇಡು ಈಗ ಹುಟ್ಟಿಕೊಳ್ಳುತ್ತದೆ. ಅಂದರೆ ಹಗೆಯಿದ್ದು ಕಾಳಗವಾಗಲಿಲ್ಲ, ಕಾಳಗವಾಗಿ ಹಗೆ ಬಂತು.

ಮಕ್ಕಳಲ್ಲೂ ಈ ಅನುಕ್ರಮವೇ ಕಂಡಿತು. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬಲ್ಲಿ ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಬೇಸಿಗೆ ಶಿಬಿರ ನಡೆಸಿದ. ಎಲ್ಲರೂ ಒಂದೇ ಬಗೆಯ ಮನೆಗಳಿಂದ ಬಂದವರು, ಪರಸ್ಪರ ಗುರುತಿಲ್ಲದವರು. ಬಹುಮಾನವಿರುವ ಪಂದ್ಯಗಳು ಶುರುವಾದದ್ದೇ ತಡ, ಬಾವುಟ ಸುಡುವುದು, ಎದುರಿನವರ ಬಿಡಾರಕ್ಕೆ ನುಗ್ಗುವುದು ಎಲ್ಲ ಆಯಿತು. ಪಠ್ಯಪುಸ್ತಕಗಳು ಇಷ್ಟು ಹೇಳಿ, ಕೊನೆಗೆ ಕೆಟ್ಟುನಿಂತ ಲಾರಿಯನ್ನು ಎಲ್ಲರೂ ಸೇರಿ ಹಗ್ಗ ಕಟ್ಟಿ ಎಳೆದು ಸ್ನೇಹಿತರಾದ ಸಂಗತಿಯನ್ನೂ ಹೇಳುತ್ತವೆ. ಒಂದು ವರ್ಷ ಮುಂಚೆ ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ಶೆರಿಫ್ ನಡೆಸಿ ಕೈಬಿಟ್ಟ ಶಿಬಿರದ ಸುದ್ದಿ ಅವುಗಳಲ್ಲಿ ಅಪರೂಪ. ಅಲ್ಲಿ ಹುಡುಗರನ್ನು ಗುಂಪು ಒಡೆಯುವ ಮೊದಲೇ ಒಟ್ಟಿಗೆ ಬೆರೆಯಲು ಬಿಟ್ಟಿದ್ದರು. ಆಮೇಲೆ ಎಷ್ಟು ಕೆಣಕಿದರೂ ಅವರು ಒಬ್ಬರ ಮೇಲೊಬ್ಬರು ಬೀಳಲಿಲ್ಲ, ಬದಲಿಗೆ ದೊಡ್ಡವರ ಮೇಲೆಯೇ ಅನುಮಾನಪಟ್ಟರು. ನನಗೆ ಆ ಸೋತ ಪ್ರಯೋಗವೇ ಗೆದ್ದದ್ದಕ್ಕಿಂತ ಹೆಚ್ಚು ಕಲಿಸುವಂಥದು ಎನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸೈನಿಕರಲ್ಲಿ ನಾಲ್ಕರಲ್ಲಿ ಒಬ್ಬ ಕೂಡ ಶತ್ರುವಿನತ್ತ ಗುಂಡು ಹಾರಿಸುವುದಿಲ್ಲ, ಮನುಷ್ಯ ಸ್ವಭಾವತಃ ಕೊಲ್ಲಲು ಹಿಂಜರಿಯುತ್ತಾನೆ ಎಂಬ ಮಾತನ್ನು ಇಂಥ ಲೇಖನಗಳಲ್ಲಿ ನೀವು ಓದಿರಬಹುದು. ಅದರ ಮೂಲ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಬರೆದ ಪುಸ್ತಕ. ಆತ ಆ ಅಂಕಿಯನ್ನು ಯಾವ ಲೆಕ್ಕದಿಂದ ತೆಗೆದ ಎಂಬುದಕ್ಕೆ ದಾಖಲೆಯೇ ಸಿಗುವುದಿಲ್ಲವೆಂದು ಇತಿಹಾಸಕಾರ ರೋಜರ್ ಸ್ಪಿಲ್ಲರ್ 1988ರಲ್ಲಿ ತೋರಿಸಿದ. ಕೇಳಲು ಹಿತವಾದ ಅಂಕಿ, ಆದರೆ ಅದರ ಮೇಲೆ ಏನನ್ನೂ ಕಟ್ಟದಿರುವುದು ಮೇಲು.

ಜೊತೆಗಾರಿಕೆಯ ವಿವರಣೆಗೂ ಮಿತಿಯುಂಟು. ಸೋಲು ಖಚಿತವಾದ ಮೇಲೂ ಹಿಟ್ಲರನ ಸೈನ್ಯ ಏಕೆ ಕಾದಿತು ಎಂದು ಜರ್ಮನ್ ಯುದ್ಧಕೈದಿಗಳನ್ನು ವಿಚಾರಿಸಿದ ವರದಿಗಳ ಆಧಾರದ ಮೇಲೆ ಎಡ್ವರ್ಡ್ ಶಿಲ್ಸ್ ಮತ್ತು ಮಾರಿಸ್ ಜಾನೊವಿಟ್ಜ್ 1948ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಅವರ ಉತ್ತರ ಒಟ್ಟಿಗೆ ಉಂಡು ಮಲಗುವ ಸಣ್ಣ ಗುಂಪು. ತುಕಡಿ ಇಡಿಯಾಗಿರುವವರೆಗೆ ವಿಮಾನದಿಂದ ಉದುರಿಸಿದ ಪ್ರಚಾರದ ಕರಪತ್ರಗಳು ಏನೂ ಮಾಡಲಿಲ್ಲ. ಚೆಂದದ ಉತ್ತರ, ಸಿನಿಮಾಗಳಿಗೂ ಹೇಳಿಮಾಡಿಸಿದ್ದು. ಆದರೆ ಇತಿಹಾಸಕಾರ ಓಮರ್ ಬಾರ್ಟೊವ್ ಪೂರ್ವ ರಂಗದ ದಾಖಲೆ ತೆಗೆದು ಕೇಳಿದ: ಸಾವುನೋವು ಅಷ್ಟೊಂದಿದ್ದ ಮೇಲೆ ಆ ಸಣ್ಣ ಗುಂಪುಗಳು ಉಳಿದದ್ದಾದರೂ ಎಲ್ಲಿ? ಮುಖ ಪರಿಚಯ ಆಗುವ ಮೊದಲೇ ಜನ ಸಾಯುತ್ತಿದ್ದರು, ಆದರೂ ಕಾಳಗ ನಿಲ್ಲಲಿಲ್ಲ. ಅಲ್ಲಿ ನಾಜಿ ವಿಚಾರಧಾರೆಯ ವಿಷವಿತ್ತು, ಅಲ್ಲಿ ಹಗೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಜೊತೆಗೆ ಮರಣದಂಡನೆಯ ಭಯವಿತ್ತು. ಎರಡನೇ ಯುದ್ಧದಲ್ಲಿ ಜರ್ಮನ್ ಸೈನ್ಯ ಕೊಂದ ತನ್ನದೇ ಸೈನಿಕರ ಅಂದಾಜು ಸಂಖ್ಯೆ 15,000ದ ಆಸುಪಾಸು.

ಪೌಲ್‌ನ ಸೈನ್ಯ ಬೇರೆಯದು. 1914ರಿಂದ 18ರವರೆಗೆ ಜರ್ಮನಿ ಮರಣದಂಡನೆಗೆ ಗುರಿಮಾಡಿದ ತನ್ನ ಸೈನಿಕರು 48. ಅದೇ ಯುದ್ಧದಲ್ಲಿ ಬ್ರಿಟನ್ ಓಡಿಹೋಗುವಿಕೆ, ಹೇಡಿತನದಂಥ ತಪ್ಪುಗಳಿಗಾಗಿ ಗುಂಡಿಕ್ಕಿದ 306 ಮಂದಿಗೆ 2006ರಲ್ಲಿ ಕ್ಷಮೆ ನೀಡಿತು. ಹಾಗಾಗಿ ಕೋರ್ಟ್ ಮಾರ್ಷಲ್‌ನ ಭಯವೊಂದೇ ಪೌಲ್‌ನನ್ನು ಹಿಡಿದಿಟ್ಟಿತು ಎನ್ನಲಾಗದು. ಬಂಧದ ಬಲಕ್ಕೆ ಇತ್ತೀಚಿನ ಪುರಾವೆಯೂ ಇದೆ. 2011ರ ಲಿಬಿಯಾ ದಂಗೆಯಲ್ಲಿ ಕಾದಿದ ಮಿಸ್ರಾತಾದ ಸಾಮಾನ್ಯ ಜನರನ್ನು ಹಾರ್ವಿ ವೈಟ್‌ಹೌಸ್ ಮತ್ತು ಸಂಗಡಿಗರು ಮಾತಾಡಿಸಿದರು. ಕುಟುಂಬವೋ ತುಕಡಿಯೋ, ಯಾವುದರೊಡನೆ ನೀವು ಹೆಚ್ಚು ಒಂದಾಗಿದ್ದೀರಿ ಎಂದು ಕೇಳಿದಾಗ, ಮುಂಚೂಣಿಯಲ್ಲಿ ಕಾದಿದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ತುಕಡಿ ಎಂದರು. ಹಿಂದೆ ಉಳಿದು ನೆರವಾದವರಲ್ಲಿ ಹಾಗೆಂದವರು ಅದಕ್ಕಿಂತ ಕಡಿಮೆ.

ಕನ್ನಡದ ಓದುಗನಿಗೆ ಈ ಮನಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಸಮೀಕ್ಷೆ ಬೇಕಿಲ್ಲವೇನೋ. ಪಂಪನಲ್ಲೂ ಕುಮಾರವ್ಯಾಸನಲ್ಲೂ ಕರ್ಣನಿಗೆ ಯುದ್ಧಕ್ಕೆ ಮೊದಲೇ ಗೊತ್ತಾಗಿರುತ್ತದೆ, ಎದುರಿರುವವರು ತನ್ನ ತಮ್ಮಂದಿರು ಎಂದು. ಹಗೆ ಅಲ್ಲಿಗೇ ಕರಗುತ್ತದೆ, ರಥ ಮಾತ್ರ ನಿಲ್ಲುವುದಿಲ್ಲ. ಅನ್ನ ಹಾಕಿದ ಒಡೆಯನಿಗಾಗಿ ಪ್ರಾಣ ಕೊಡುವ ಜೋಳವಾಳಿಯ ಲೋಕದ ಕವಿಗಳಿಗೆ ಇದರಲ್ಲಿ ಒಗಟೇನೂ ಕಾಣಲಿಲ್ಲ, ಸಂಕಟ ಕಂಡಿತು. ವ್ಯಾಸಭಾರತದ ಕರ್ಣ ಕುಂತಿಗೆ ಅರ್ಜುನನನ್ನುಳಿದು ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ. ಕೈಗೆ ಸಿಕ್ಕಾಗ ಅವರನ್ನು ಬಿಟ್ಟೂ ಬಿಡುತ್ತಾನೆ. ದುರ್ಯೋಧನನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತಲೇ ಎದುರಿನವರಿಗೆ ಆಗುವ ಪೆಟ್ಟನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವ ಈ ಲೆಕ್ಕಾಚಾರ ಜೆರುಸಲೇಮಿನ ಆ ಬಿಲ್ಲೆಗಳ ಆಟಕ್ಕೆ ಬಹಳ ಹತ್ತಿರದ್ದು. ಹಗೆಯಿಂದ ಕಾದುವವನು ಹೀಗೆ ಆರಿಸಿ ಆರಿಸಿ ಬಿಡುವುದಿಲ್ಲ.

ಬಂಧವೇ ಕಾಳಗವನ್ನು ನಡೆಸುತ್ತಿತ್ತು ಎಂಬುದಾದರೆ ಆ ಬಂಧ ಇನ್ನೊಂದು ದಿಕ್ಕಿಗೂ ಎಳೆಯಬಲ್ಲುದು. 1918ರ ಬೇಸಿಗೆಯ ಕೊನೆಗೆ ಜರ್ಮನ್ ಸೈನ್ಯ ಪಶ್ಚಿಮ ರಂಗದಲ್ಲಿ ಕುಸಿಯಿತು. ಕೊನೆಯ ನಾಲ್ಕು ತಿಂಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಿತ್ರರಾಷ್ಟ್ರಗಳ ಕೈಗೆ ಸಿಕ್ಕರು. ಬೇಸತ್ತ ಒಬ್ಬೊಬ್ಬನೇ ಬಂದೂಕು ಎಸೆದು ಜಾರಿಕೊಂಡ ಎಂಬ ಚಿತ್ರ ಬಹುಕಾಲ ಚಾಲ್ತಿಯಲ್ಲಿತ್ತು. ಇತಿಹಾಸಕಾರ ಅಲೆಕ್ಸಾಂಡರ್ ವಾಟ್ಸನ್ ದಾಖಲೆಗಳನ್ನು ಮತ್ತೆ ತಿರುವಿಹಾಕಿದಾಗ ಕಂಡದ್ದು ಬೇರೆ. ಶರಣಾದವರು ಹೆಚ್ಚಾಗಿ ತುಕಡಿ ತುಕಡಿಯಾಗಿ ಬಂದಿದ್ದರು. ಎಷ್ಟೋ ಕಡೆ ಅವರನ್ನು ಕರೆತಂದವರು ಜೊತೆಯಲ್ಲೇ ಕಂದಕದಲ್ಲಿ ಕಾಲ ಕಳೆದಿದ್ದ ಕಿರಿಯ ಅಧಿಕಾರಿಗಳು.